ಪ್ರಿಂಟರಿನ ಹೊಟ್ಟೆಯಲ್ಲಿ ಪ್ರಶ್ನೆಪತ್ರಿಕೆ

ಗ್ಯಾರಂಟಿ ಇರುವ ತನಕ ನಮ್ಮ ಮನೆಯ ಪ್ರಿಂಟರು ಒಂದು ದಿನವೂ ಕೆಮ್ಮಲಿಲ್ಲ. ಅದು ಮುಗಿದ ತಿಂಗಳಲ್ಲೇ ಕಿರುಗುಟ್ಟಲು ಶುರುಮಾಡಿತು. ಹಾಳೆಯ ಮೇಲೆ ಅತ್ತಿಂದಿತ್ತ ಓಡಾಡುವ ಅದರ ಹೆಡ್ಡು ಬಲತುದಿಗೆ ಬಂದಾಗಲೆಲ್ಲ ಬಾವಿಯ ರಾಟೆಯಂತೆ ಒಂದು ಕೂಗು. ನಾನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಸಂಭವನೀಯತೆಯ ಪಾಠವನ್ನು ಪ್ರತಿವರ್ಷ ಮಾಡುತ್ತೇನೆ. ನಾಣ್ಯ ಚಿಮ್ಮಿದರೆ ಎರಡೂ ಮುಖಗಳಿಗೆ ಸಮಾನ ಅವಕಾಶ ಎಂದು ಮಕ್ಕಳಿಗೆ ಹೇಳುವಾಗ ನನ್ನ ದನಿಯಲ್ಲಿ ಅಷ್ಟೇನೂ ನಂಬಿಕೆ ಇರುವುದಿಲ್ಲ.

ಬೇರೆ ಹೊತ್ತಿನಲ್ಲಾಗಿದ್ದರೆ ಕೂಗಿಕೊಳ್ಳಲಿ ಎಂದು ಬಿಡುತ್ತಿದ್ದೆ. ಆದರೆ ಬುಧವಾರದಿಂದ ಹತ್ತನೇ ತರಗತಿಗೆ ನಮ್ಮ ಶಾಲೆಯೇ ನಡೆಸುವ ಪೂರ್ವಸಿದ್ಧತಾ ಪರೀಕ್ಷೆ. ಮೊದಲ ದಿನವೇ ಗಣಿತ. ಪ್ರಶ್ನೆಪತ್ರಿಕೆ ಅಚ್ಚಾಗಬೇಕಾದದ್ದು ನಮ್ಮ ಮನೆಯಲ್ಲಿ, ಇದೇ ಪ್ರಿಂಟರಿನಲ್ಲಿ.

ಅದಕ್ಕೆ ಕಾರಣ ಹಿಂದಿನ ವರ್ಷದ ಗಲಾಟೆ. ಆಗ ಪತ್ರಿಕೆಗಳನ್ನು ಪೇಟೆಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಮಾಡಿಸಿದ್ದೆವು. ಕಟ್ಟು ತರಲು ಹೋಗಿದ್ದವರು ನಮ್ಮ ಅಟೆಂಡರಮ್ಮ. ಸಂಜೆಯ ಹೊತ್ತಿಗೆ ಅರ್ಧ ಪ್ರಶ್ನೆಗಳು ಹುಡುಗರ ಮೊಬೈಲಿನಲ್ಲಿದ್ದವು. ಅಂಗಡಿಯವನು ತನಗೇನೂ ಗೊತ್ತಿಲ್ಲ ಎಂದ. ಆ ಹೊತ್ತಿನಲ್ಲಿ ಅಲ್ಲಿ ನಿಂತಿದ್ದ ಗಿರಾಕಿಗಳು ಯಾರು ಎಂದು ಯಾರೂ ವಿಚಾರಿಸಲಿಲ್ಲ. ಕೈಗೆ ಸಿಕ್ಕವರು ಅಟೆಂಡರಮ್ಮ ಒಬ್ಬರೇ. ಗಂಡ ತೀರಿಕೊಂಡ ಮೇಲೆ ಆಡಳಿತ ಮಂಡಳಿಯವರು ಕೊಟ್ಟಿದ್ದ ಕೆಲಸ ಅದು, ಕಾಯಂ ಅಲ್ಲ. ಮಂಡಳಿಯ ಅಧ್ಯಕ್ಷರು ಆಕೆಯನ್ನು ಎದುರಿಗೆ ನಿಲ್ಲಿಸಿಕೊಂಡು, “ಈ ಸಲ ಬುಟ್ಟಿದೀವಿ. ಇನ್ನೊಂದ್ಸಲ ಪೇಪರ್ ಆಚೆಗೆ ಹೋದ್ರೆ ಮಾತಿಲ್ಲ, ಮನೇಲಿರು” ಎಂದರು. ಯಾರಿಂದ ಹೋದರೆ ಎಂದು ಬಿಡಿಸಿ ಹೇಳಲಿಲ್ಲ. ಹೋದರೆ, ಅಷ್ಟೇ.

ಹಾಗಾಗಿ ಈ ವರ್ಷ ಹೆಡ್ಮಾಸ್ಟರು ನನ್ನನ್ನು ಕರೆದು, “ಹೆಂಗೂ ನಿಮ್ಮನೇಲಿ ಮಿಷನ್ ಐತಲ್ಲ ಮೇಷ್ಟ್ರೇ, ಎಲ್ಲಾ ಸಬ್ಜೆಕ್ಟೂ ಅಲ್ಲೇ ಹೊಡ್ಕೊಂಡು ಬಂದ್ಬುಡಿ. ಇನ್ನೊಬ್ರ ಕಣ್ಣಿಗೆ ಬೀಳದು ಬ್ಯಾಡ” ಎಂದರು. ನಾನು ಒಪ್ಪಿಕೊಂಡು ಮನೆಗೆ ಬಂದು, ಆ ಕ್ಷಣದಿಂದಲೇ ಚಿಂತೆ ಮಾಡಲು ಕುಳಿತೆ. ಚಿಂತೆ ನನಗೆ ಹಿರಿಯರಿಂದ ಬಂದ ಆಸ್ತಿ. ತೆಂಗಿನ ತೋಟದ ಪಾಲು ಅಣ್ಣನಿಗೆ ಹೆಚ್ಚು ಹೋಯಿತು, ಇದು ನನಗೆ ಹೆಚ್ಚು ಬಂತು. ಅಚ್ಚಾದ ಪ್ರತಿಗಳು ಮನೆಯಲ್ಲಿದ್ದಷ್ಟು ಹೊತ್ತೂ ಅಪಾಯ. ಆದ್ದರಿಂದ ಪೆನ್ ಡ್ರೈವಿನಲ್ಲಿ ಎಲ್ಲ ಸಿದ್ಧ ಮಾಡಿಟ್ಟುಕೊಂಡು, ಪರೀಕ್ಷೆಗೆ ತೀರ ಹತ್ತಿರದಲ್ಲಿ ಪ್ರಿಂಟು ತೆಗೆಯುವುದು ಎಂದು ತೀರ್ಮಾನಿಸಿದೆ. ಬುದ್ಧಿವಂತಿಕೆಯ ತೀರ್ಮಾನ ಎಂದೇ ಆಗ ಅನ್ನಿಸಿತ್ತು.

ಭಾನುವಾರ ಮಧ್ಯಾಹ್ನ ಪರೀಕ್ಷಾರ್ಥವಾಗಿ ಒಂದು ಖಾಲಿ ಹಾಳೆ ಬಿಟ್ಟೆ. ಕೂಗು ಅಡುಗೆಮನೆಗೂ ಕೇಳಿಸಿರಬೇಕು. ನನ್ನಾಕೆ ಬಾಗಿಲಲ್ಲಿ ಬಂದು ನಿಂತಳು.

“ಒಂದ್ ತೊಟ್ಟು ಎಣ್ಣೆ ಬುಡ್ರೀ ಅದಕ್ಕೆ. ಗೋಳಾಡ್ತಾ ಐತೆ.”

“ಇಂಥದ್ದಕ್ಕೆ ಬೇರೆ ಎಣ್ಣೆ ಇರ್ತದೆ ಕಣೇ.”

“ನನ್ ಹೊಲಿಗೆ ಮಿಷನ್ನು ಮಿಷನ್ನಲ್ವಾ? ಇಷ್ಟು ವರ್ಷದಿಂದ ಅದಕ್ಕೇನ್ ಹಾಕ್ತೀನಿ ನೋಡಿದೀರಾ?”

ನೋಡಿದ್ದೆ. ನಮ್ಮ ಕಡೆ ಗೇಟಿನ ಕೀಲಿಗೆ, ಸೈಕಲ್ಲಿನ ಚೈನಿಗೆ, ಕರುವಿನ ಕಾಲಿನ ಗಾಯಕ್ಕೆ, ಮಕ್ಕಳ ಮೂಗಿಗೆ, ಮುದುಕರ ಮಂಡಿಗೆ, ಎಲ್ಲಕ್ಕೂ ಒಂದೇ ಸೀಸೆ. ಗಾಣದಲ್ಲಿ ಹಿಂಡಿಸಿದ ಮನೆಯ ಕೊಬ್ಬರಿ ಎಣ್ಣೆ. ಅದು ವಾಸಿಮಾಡದ ಕಾಯಿಲೆಯನ್ನು ನಾವು ಕಾಯಿಲೆಯೆಂದೇ ಒಪ್ಪುವುದಿಲ್ಲ. ನಾನು ಮುಚ್ಚಳ ಎತ್ತಿ, ಹೆಡ್ಡು ಜಾರುವ ಉಕ್ಕಿನ ಸರಳಿಗೆ ಹತ್ತಿಯಲ್ಲಿ ಎಣ್ಣೆ ಹಚ್ಚಿದೆ. ಹಚ್ಚುತ್ತ ಹಚ್ಚುತ್ತ ಉತ್ಸಾಹ ಬಂತು. ಸರಳಿನ ಹಿಂದೆ ಉದ್ದಕ್ಕೂ ಎಳೆದು ಕಟ್ಟಿದ್ದ ಒಂದು ತೆಳ್ಳನೆಯ ಪಾರದರ್ಶಕ ಪಟ್ಟಿ ಮಂಕಾಗಿತ್ತು. ಅದಕ್ಕೂ ಒಂದು ಕೈ ಸವರಿದೆ. ಹಾಳೆ ಎಳೆದುಕೊಳ್ಳುವ ರಬ್ಬರು ಚಕ್ರವೂ ಒಣಗಿದಂತೆ ಕಂಡಿತು. ಅದನ್ನು ಮಾತ್ರ ಯಾಕೆ ಬಿಡಬೇಕು ಎಂದು ಅದಕ್ಕೂ ಹಚ್ಚಿದೆ.

ಪ್ರಿಂಟರು ಓಡಿತು. ಎಷ್ಟು ಮೆತ್ತಗೆ ಓಡಿತೆಂದರೆ ನಡೆಯುತ್ತಿದೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕಾಯಿತು. ಕೋಣೆಗೆಲ್ಲ ತಲೆಸ್ನಾನದ ದಿನದ ವಾಸನೆ.

“ಈಗ?” ಎಂದಳು ನನ್ನಾಕೆ.

“ಆಗ್ಬೋದು” ಎಂದೆ.

ಸೋಮವಾರ ಬೆಳಿಗ್ಗೆ ಚಳಿ ಚೆನ್ನಾಗಿಯೇ ಬಿದ್ದಿತ್ತು. ಅಡುಗೆಮನೆಯಲ್ಲಿ ಎಣ್ಣೆಯ ಸೀಸೆ ಮೇಣದಂತೆ ಬೆಳ್ಳಗೆ ಗಟ್ಟಿಯಾಗಿತ್ತು. ಜನವರಿಯಲ್ಲಿ ದಿನವೂ ಮಾಡುವಂತೆ ನನ್ನಾಕೆ ಅದನ್ನು ಕರಗಲೆಂದು ಒಲೆಯ ಪಕ್ಕಕ್ಕೆ ಸರಿಸಿದಳು. ನಾನು ಅದರ ಮುಂದೆಯೇ ಕಾಫಿ ಕುಡಿದುಕೊಂಡು ಪ್ರಿಂಟರಿನ ಹತ್ತಿರ ಹೋದೆ. ಹುಟ್ಟಿದಾಗಿನಿಂದ ಪ್ರತಿ ಚಳಿಗಾಲದಲ್ಲೂ ನೋಡಿದ ಸೀಸೆ. ಸೀಸೆಯೊಳಗಿನ ಎಣ್ಣೆಗೂ ಯಂತ್ರದೊಳಗಿನ ಎಣ್ಣೆಗೂ ಚಳಿ ಒಂದೇ ಎಂಬುದು ಹೊಳೆಯಲಿಲ್ಲ.

ಸ್ವಿಚ್ಚು ಒತ್ತಿದೆ. ಹೆಡ್ಡು ಒಂದು ಗೇಣು ಬಂದು ನಿಂತಿತು. ತಿಣುಕಿತು. ಹಿಂದಕ್ಕೆ ಹೋಗಿ ಎಡಗೋಡೆಗೆ ದಡದಡನೆ ಹಣೆ ಚಚ್ಚಿಕೊಂಡಿತು. ಆಮೇಲೆ ಎರಡು ಕೆಂಪು ದೀಪಗಳು ಒಂದಾದ ಮೇಲೊಂದು ಮಿಣುಕತೊಡಗಿದವು. ಮುಚ್ಚಳ ಎತ್ತಿ ನೋಡಿದರೆ ಸರಳಿನ ಮೇಲೆ ಬೆಣ್ಣೆ ಮೆತ್ತಿದಂತೆ ಎಣ್ಣೆ ಹೆಪ್ಪುಗಟ್ಟಿತ್ತು.

“ಬಿಸಿಲಿಗಿಡಿ” ಎಂದಳು ನನ್ನಾಕೆ. ಬೇರೆ ದಾರಿ ನನಗೂ ಕಾಣಲಿಲ್ಲ. ಅಂಗಳದಲ್ಲಿ ಕರಟದಿಂದ ಬಿಡಿಸಿದ ಕೊಬ್ಬರಿ ಹರವಿತ್ತು. ಅದರ ಪಕ್ಕ ಚಾಪೆ ಹಾಕಿ ಪ್ರಿಂಟರನ್ನು ಇಟ್ಟು ಶಾಲೆಗೆ ಹೋದೆ. ಊಟದ ಬಿಡುವಿನಲ್ಲಿ ಓಡಿಬಂದಾಗ ಅವಳು ಕೋಲು ಹಿಡಿದು ಕಾಗೆ ಓಡಿಸುತ್ತ ಕುಳಿತಿದ್ದಳು.

“ನಿಮ್ದನ್ನೂ ಮಗ್ಗುಲು ತಿರುಗಿಸಿದೀನಿ, ಕೊಬ್ರಿ ಜೊತೆಗೇ” ಎಂದಳು.

ಎಣ್ಣೆ ಕರಗಿತ್ತು. ಮತ್ತೆ ಸಂಜೆಯಾಗಿ ಹೆಪ್ಪುಗಟ್ಟುವುದರೊಳಗೆ ಅಷ್ಟೂ ಪ್ರತಿ ತೆಗೆದುಬಿಡೋಣ ಎಂದು ಕಿಟಕಿ ಮುಚ್ಚಿ, ಚಿಲಕ ಹಾಕಿ, ಪತ್ರಿಕೆಯನ್ನು ಕಳಿಸಿದೆ. ಮೊದಲ ಹಾಳೆ ಅಂಚಿನಲ್ಲಿ ಎಣ್ಣೆಯ ಕಲೆ ಹೊತ್ತುಕೊಂಡು ಬಂತು, ಆದರೆ ಬಂತು. ಎರಡನೆಯದು ಜಿಡ್ಡುಚಕ್ರದ ಮೇಲೆ ಜಾರಿ ಸೊಟ್ಟಗೆ ಒಳಕ್ಕೆ ಹೋಯಿತು. ಹೆಡ್ಡು ಅದರ ಮೇಲೆ ಹರಿದು, ಬೀಸಣಿಗೆಯಂತೆ ಮಡಿಸಿ, ಬಲಮೂಲೆಗೆ ತುರುಕಿ ನಿಂತುಬಿಟ್ಟಿತು. ಎಳೆದೆ. ಮೇಲಿನರ್ಧ ಕೈಗೆ ಬಂತು. ಹೆಚ್ಚು ಅಂಕದ ಪ್ರಶ್ನೆಗಳಿದ್ದ ಕೆಳಗಿನರ್ಧ ಒಳಗೇ ಉಳಿಯಿತು. ಟಾರ್ಚು ಬಿಟ್ಟು ನೋಡಿದರೆ ಮಡಿಕೆಗಳ ನಡುವೆ ‘ಎಂದು ಸಾಧಿಸಿ’ ಎಂಬ ಎರಡು ಪದ ಮಾತ್ರ ಕಾಣುತ್ತಿತ್ತು.

ಕೈಗೆ ಬಂದಿದ್ದೆಲ್ಲವನ್ನೂ ಒಲೆಗೆ ಹಾಕಿ, ಕಂಪನಿಯ ಸಹಾಯವಾಣಿಗೆ ಫೋನು ಮಾಡಿದೆ. ಬಹಳ ಹೊತ್ತು ಸಂಗೀತ ಕೇಳಿಸಿ ಆಮೇಲೆ ಒಬ್ಬ ಹೆಣ್ಣುಮಗಳು ಸಿಕ್ಕಳು. ಯಂತ್ರದ ಬೆನ್ನಿನ ಮೇಲಿನ ನಂಬರು ಕೇಳಿದಳು, ಹೇಳಿದೆ.

“ನಿಮ್ಮ ಪ್ರಿಂಟರ್ ವಾರಂಟಿಯಿಂದ ಹೊರಗಿದೆ ಸರ್. ಬೇರೆ ಏನಾದರೂ ಸಹಾಯ ಬೇಕೇ?”

“ಬೇರೆ ಅಂದ್ರೆ? ಇದೇ ಆಗಲಿಲ್ಲವಲ್ಲ ತಾಯಿ.”

“ಕರೆ ಮಾಡಿದ್ದಕ್ಕೆ ಧನ್ಯವಾದ ಸರ್.”

ಫೋನಿಟ್ಟ ಮೇಲೆ ಒಂದು ಮೆಸೇಜು ಬಂತು: ನಮ್ಮ ಸೇವೆ ನಿಮಗೆ ಎಷ್ಟು ಹಿಡಿಸಿತು, ನಕ್ಷತ್ರಗಳ ಮೂಲಕ ತಿಳಿಸಿ.

ಊರಿನಲ್ಲಿ ಇನ್ನೊಂದು ಪ್ರಿಂಟರು ಇದ್ದದ್ದು ಪಂಚಾಯ್ತಿ ಆಫೀಸಿನಲ್ಲಿ. ಅಲ್ಲಿ ಹಾಳೆಯೊಂದು ಹೊರಗೆ ಬಂದರೆ ಅದನ್ನು ಓದುವುದು ಅಲ್ಲಿರುವ ಎಲ್ಲರ ಹಕ್ಕು. ಹಾಗಾಗಿ ಮಂಗಳವಾರ ರಜೆ ಹಾಕಿ, ಪ್ರಿಂಟರನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ತಿಪಟೂರಿನ ದಾರಿ ಹಿಡಿದೆ. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸು ಬದಲಾಯಿಸಿದಾಗ ಪಕ್ಕದಲ್ಲಿ ಬಂದು ಕುಳಿತವನು ನಮ್ಮೂರಿನ ಒಬ್ಬ ಕೊಬ್ಬರಿ ವ್ಯಾಪಾರಿ. ಅವನ ಮಗ ನನ್ನ ಹತ್ತನೇ ತರಗತಿಯಲ್ಲಿದ್ದಾನೆ.

“ಏನ್ ಮೇಷ್ಟ್ರೇ, ಕೊಬ್ರಿನ ನೀವೇ ಹೊತ್ಕಂಡು ಮಾರ್ಕೆಟ್ಟಿಗೆ ಹೊಂಟ್ಬುಟ್ರಾ? ನಮ್ಮಂಥೋರ್ ಏನ್ ಮಾಡ್ಬೇಕು?”

“ಕೊಬ್ರಿ ಅಲ್ಲ ಕಣಪ್ಪ, ಪ್ರಿಂಟರು. ಕೆಟ್ಟೋಗೈತೆ.”

“ನಾಳೆ ಪರೀಕ್ಷೆ ಅಂತಿದ್ದ ನಮ್ಮುಡುಗ. ಪೇಪರ್ ಎಲ್ಲಾಯ್ತು ಮತ್ತೆ?”

“ಪೇಪರ್ ಭದ್ರವಾಗೈತೆ” ಎಂದೆ. ಸುಳ್ಳಲ್ಲ. ಅಷ್ಟು ಭದ್ರವಾಗಿ ಯಾವ ಪತ್ರಿಕೆಯೂ ಎಲ್ಲಿಯೂ ಇದ್ದಿರಲಾರದು.

“ಕಷ್ಟ ತೆಗ್ದಿದೀರೋ, ಹೆಂಗೆ?”

“ಓದಿದ್ರೆ ಕಷ್ಟ ಇಲ್ಲ.”

“ಅಂಗಾದ್ರೆ ನಮ್ಮವನಿಗೆ ಕಷ್ಟ ಬುಡಿ” ಎಂದು ಆತ ಗೋಣಿಚೀಲದ ಮೇಲೆ ಮೊಣಕೈ ಊರಿ, ತಿಪಟೂರು ಬರುವ ತನಕ ಆರಾಮವಾಗಿ ತೂಕಡಿಸಿದ. ಅವನ ತೂಕಡಿಕೆಗೆ ಚೀಲದೊಳಗೆ ಹಾಳೆ ಸರಬರ ಎಂದಂತಾಗಿ, ನಾನು ದಾರಿಯುದ್ದಕ್ಕೂ ಕೆಮ್ಮುತ್ತ ಬಂದೆ.

ಕಂಪನಿಯ ಅಧಿಕೃತ ಸೇವಾ ಕೇಂದ್ರದಲ್ಲಿ ಕೌಂಟರಿನ ಹೆಣ್ಣುಮಗಳು ಚೀಲವನ್ನು ಮುಟ್ಟಲಿಲ್ಲ. “ವಾರಂಟಿ ಇಲ್ಲದ್ದನ್ನ ಇಲ್ಲಿ ಬಿಚ್ಚಲ್ಲ ಸರ್. ಬಿಟ್ಟು ಹೋಗಿ, ತುಮಕೂರಿಗೆ ಕಳಿಸ್ತೀವಿ.”

“ಬಿಟ್ಟು ಹೋಗೋ ಹಾಗಿಲ್ಲಮ್ಮ.”

“ಯಾಕೆ ಸರ್?”

“ಒಳಗೆ ಒಂದು ಹಾಳೆ ಸಿಕ್ಕಾಕೊಂಡಿದೆ.”

“ಹಾಳೆ ತಾನೇ. ತೆಗೆದು ಅಲ್ಲೆಲ್ಲಾದ್ರೂ ಹಾಕ್ತಾರೆ ಬಿಡಿ.”

ಅಲ್ಲೆಲ್ಲಾದರೂ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಆ ಮುದುರಿದ ಅರ್ಧ ಹಾಳೆಯನ್ನು ಯಾರೋ ಬಿಡಿಸಿ ನೋಡಿ, ಫೋಟೋ ಹೊಡೆದು, ಇನ್ಯಾರಿಗೋ ಕಳಿಸಿ, ಸಂಜೆಯೊಳಗೆ ಅದು ನಮ್ಮೂರಿಗೆ ಬಂದು, ಏನೂ ಅರಿಯದ ಒಬ್ಬ ಹೆಂಗಸು ಕೆಲಸ ಕಳೆದುಕೊಂಡು ಮನೆಯಲ್ಲಿ ಕೂರುವ ತನಕ ನನ್ನ ತಲೆ ಒಂದೇ ಉಸಿರಿಗೆ ಓಡಿತು. ಚೀಲ ಎತ್ತಿಕೊಂಡು ಹೊರಬಂದೆ.

ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಮಿಕ್ಸಿ, ಹೊಲಿಗೆ ಯಂತ್ರ, ಪ್ರಿಂಟರು ಎಲ್ಲವನ್ನೂ ರಿಪೇರಿ ಮಾಡುವ ಸಾಬರೊಬ್ಬರ ಅಂಗಡಿಯಿದೆ ಎಂದು ಯಾರೋ ಹೇಳಿದರು. ಗಡ್ಡ ನರೆತ ಮನುಷ್ಯ. ಯಂತ್ರವನ್ನು ಅಲ್ಲಾಡಿಸಿ ಕಿವಿಗೊಟ್ಟು ಕೇಳಿ, “ಗೇರು ಹೋಗಿದೆ ಸಾರ್” ಎಂದರು. ಪಕ್ಕದ ತಟ್ಟೆ ಬಿಚ್ಚಿದರು. ಗೇರಿನ ಹಲ್ಲುಗಳೆಲ್ಲ ಸರಿಯಾಗಿದ್ದವು. “ಮೋಟರ್ ಇರ್ಬೇಕು” ಎಂದು ಇನ್ನೊಂದು ಕಡೆ ಬಿಚ್ಚಿದರು. ಮೋಟರೂ ತಿರುಗಿತು. ಆಮೇಲೆ ಮೂಗು ಹತ್ತಿರ ತಂದು ನಿಂತುಬಿಟ್ಟರು.

“ಸಾರ್, ಕೊಬ್ರಿ ಎಣ್ಣೆ?”

“ಹೂಂ, ಸ್ವಲ್ಪ.”

“ಒಗ್ಗರಣೆ ಒಂದು ಬಾಕಿ ಮಡಗಿದೀರ” ಎಂದು ನಗುತ್ತ ಮೇಲಿನ ಮುಚ್ಚಳವನ್ನು ಪೂರ್ತಿ ಕಳಚಿದರು. ಒಳಗಿನ ಹಾಳೆ ಬಯಲಿಗೆ ಬಂತು. ನಾನು ಯೋಚಿಸುವ ಮೊದಲೇ ಹೆಗಲ ಮೇಲಿನ ಟವೆಲನ್ನು ಅದರ ಮೇಲೆ ಹೊದೆಸಿಬಿಟ್ಟೆ.

ಸಾಬರು ಸ್ಕ್ರೂಡ್ರೈವರು ಹಿಡಿದುಕೊಂಡು ನನ್ನನ್ನೇ ನೋಡಿದರು. “ಏನ್ ಸಾರ್ ಇದು, ಹೆರಿಗೆ ಮಾಡಿಸ್ತಾ ಇದೀವಾ?”

ವಿಷಯ ಹೇಳಲೇಬೇಕಾಯಿತು. ಅವರು ಗಂಭೀರವಾದರು. “ನಮ್ಮನೇಲೂ ಒಂದು ಟೆಂತ್ ಇದೆ. ನಿಮ್ಮ ಸ್ಕೂಲಲ್ಲ, ಇಂಗ್ಲಿಷ್ ಮೀಡಿಯಂ. ಆದ್ರೂ ನಾಳೆ ಒಂದು ಮಾತು ಬರೋದು ಬೇಡ. ನೀವೇ ತೆಗೀರಿ. ನಾನು ಚಾ ಕುಡಿದು ಬರ್ತೀನಿ” ಎಂದು ಚಿಮಟಿಗೆಯನ್ನು ನನ್ನ ಕೈಗಿಟ್ಟು ಬೀದಿಗಿಳಿದರು. ಹೋಗುವಾಗ ತಿರುಗಿ, “ನಿಧಾನ ಸಾರ್” ಎಂದರು.

ನಿಧಾನವೆಂಬುದು ನನ್ನಂಥವನಿಗೆ ಆಗುವ ಕೆಲಸವಲ್ಲ. ಗಲ್ಲಿಯಲ್ಲಿ ಜನ ಓಡಾಡುತ್ತಿದ್ದರು. ಟವೆಲಿನ ಅಡಿಯಲ್ಲಿ ಕೈ ತೂರಿಸಿ, ಕಾಣದೆ, ಬೆರಳಿನಲ್ಲಿ ತಡಕುತ್ತ ಹಾಳೆಯ ತುದಿಯನ್ನು ಚಿಮಟಿಗೆಯಲ್ಲಿ ಹಿಡಿದೆ. ಬರಲಿಲ್ಲ. ಇನ್ನೊಂದಿಷ್ಟು ಬಲ ಹಾಕಿದೆ. ಟಿಕ್ ಎಂದು ಏನೋ ತುಂಡಾಯಿತು, ಹಾಳೆ ಸರಕ್ಕನೆ ಬಂತು. ಅದನ್ನು ಚೂರುಚೂರು ಮಾಡಿ ಅಂಗಿಯ ಜೇಬಿಗೆ ತುಂಬಿಕೊಂಡ ಮೇಲೆ ಟವೆಲು ತೆಗೆದು ನೋಡಿದೆ. ಸರಳಿನ ಹಿಂದಿದ್ದ ಆ ಪಾರದರ್ಶಕ ಪಟ್ಟಿ ಒಂದು ಕಡೆಯ ಕೊಕ್ಕೆಯ ಹತ್ತಿರ ಹರಿದು ಜೋತಾಡುತ್ತಿತ್ತು.

ಸಾಬರು ಬಂದು ಅದನ್ನು ಬೆರಳ ಮೇಲೆ ಎತ್ತಿ ಬೆಳಕಿಗೆ ಹಿಡಿದರು. ಕೂದಲೆಳೆಗಿಂತ ಸಣ್ಣ ಗೆರೆಗಳು ಅದರ ಉದ್ದಕ್ಕೂ ಇದ್ದವು. “ಈ ಗೆರೆ ಎಣಿಸ್ಕೊಂಡೇ ಹೆಡ್ಡು ತಾನೆಲ್ಲಿದೀನಿ ಅಂತ ತಿಳ್ಕೊಳ್ಳೋದು ಸಾರ್. ಬರೀ ಎಣ್ಣೆ ಆಗಿದ್ರೆ ಒರೆಸಬಹುದಿತ್ತು. ಹರಿದ್ರೆ ಆಗಲ್ಲ.”

“ಅಂಟಿಸಿದ್ರೆ?”

ಅಂಟಿಸಿ ನೋಡಿದರು. ಹೆಡ್ಡು ಅಂಟಿಸಿದ ಜಾಗಕ್ಕೆ ಬಂದು ದಾರಿತಪ್ಪಿ, ಗೋಡೆಗೆ ಗುದ್ದಿ, ಕೆಂಪು ದೀಪ ಮಿಣುಕಿಸಿತು. ಮತ್ತೆ ಅಂಟಿಸಿದರು, ಮತ್ತೆ ಅದೇ. ಬೆಂಗಳೂರಿನ ಯಾರಿಗೋ ಫೋನು ಮಾಡಿ ಕೇಳಿದರು. ಈ ಮಾದರಿಯ ಪಟ್ಟಿ ಈಗ ಬರುವುದಿಲ್ಲ, ಹಳೆಯ ಯಂತ್ರ ಯಾರಾದರೂ ಗುಜರಿಗೆ ಹಾಕಿದರೆ ಅದರಿಂದ ಕಿತ್ತುಕೊಡಬಹುದು ಎಂದರಂತೆ. “ನಾನೇ ತೆಗ್ದಿದ್ರೆ...” ಎಂದು ಶುರುಮಾಡಿ ಸಾಬರು ನನ್ನ ಮುಖ ನೋಡಿ, ಮಾತು ಮುಗಿಸದೆ ತಿರುಪುಗಳನ್ನು ಒಂದೊಂದಾಗಿ ಬಿಗಿದರು.

ಕಿಬ್ಬನಹಳ್ಳಿ ಕ್ರಾಸಿನಲ್ಲಿ ಊರಿನ ಬಸ್ಸಿಗೆ ಕಾಯುತ್ತಿದ್ದಾಗ ಹೆಡ್ಮಾಸ್ಟರ ಫೋನು ಬಂತು. ಇದ್ದದ್ದು ಹೇಳಿದೆ. ಆಚೆಯಿಂದ ಒಂದು ದೊಡ್ಡ ಉಸಿರು ಕೇಳಿಸಿತು.

“ಇನ್ನೇನ್ ಮಾಡದು. ಕ್ರಾಸಲ್ಲೇ ಜೆರಾಕ್ಸ್ ಅಂಗಡಿ ಐತಲ್ಲ, ಅಲ್ಲೇ ಹೊಡ್ಸ್‌ಬುಡಿ. ನಿಮ್ ಕೈಯಾಗೆ ಮಿಷನ್ ಬೇರೆ ಐತೆ. ಕಾಗದದ ಕಟ್ಟು ಹೊತ್ಕಂಡ್ ಬರಕ್ಕೆ ಅಟೆಂಡರನ್ನ ಈಗ್ಲೇ ಬಸ್ಸು ಹತ್ತಿಸ್ತೀನಿ.”

ಹೋದ ವರ್ಷ ನಡೆದದ್ದೇ ಮತ್ತೆ, ಅದೇ ಹೆಂಗಸು, ಅದೇ ಥರದ ಅಂಗಡಿ. ಮುಂದಿನ ಬಸ್ಸಿನಿಂದ ಅಟೆಂಡರಮ್ಮ ಇಳಿದರು. ನನ್ನ ಹತ್ತಿರ ಬರದೆ, ಒಂದಿಷ್ಟು ದೂರದಲ್ಲೇ ಸೆರಗು ಹೊದ್ದು ನಿಂತರು.

“ಬರ್ಬೇಕಮ್ಮ” ಎಂದೆ.

“ಇಲ್ಲೇ ನಿಂತಿರ್ತೀನಿ ಸಾ. ಆ ಅಂಗ್ಡಿ ಬಾಗ್ಲು ತುಳಿಯಲ್ಲ. ಕಟ್ಟೂ ಮುಟ್ಟಲ್ಲ. ಹೆಡ್ಮಾಸ್ಟ್ರಿಗೆ ನಾನೇ ಹೊತ್ಕಂಡು ಬಂದ್ಲು ಅಂತ ಹೇಳ್ಬುಡಿ, ನೀವೇ ಹೊತ್ಕಳಿ. ತಪ್ಪು ತಿಳ್ಕಬ್ಯಾಡಿ.”

“ನಾನೇ ಹೊತ್ಕೊಂಡ್ರೂ, ಸೋರಿದ್ರೆ ನಿಮ್ಮ ಹೆಸರೇ ಬರ್ತದಲ್ಲಮ್ಮ.”

“ಅದು ಹೆಂಗಿದ್ರೂ ಬತ್ತದೆ ಸಾ” ಎಂದರು. ಸಿಟ್ಟಿಲ್ಲದೆ, ಬಸ್ಸು ತಡವಾಗಿದೆ ಎಂದು ಹೇಳುವ ಹಾಗೆ.

ಅಂಗಡಿಯ ಕಡೆ ನೋಡಿದೆ. ಮುಂದೆ ಗುಂಪು. ಕಂಪ್ಯೂಟರಿನ ಪರದೆ ಬೀದಿಗೆ ಮುಖಮಾಡಿತ್ತು. ಒಬ್ಬ ಬೈಕಿನ ಮೇಲೆ ಕುಳಿತೇ ಯಾರದೋ ಅರ್ಜಿಯನ್ನು ಗಟ್ಟಿಯಾಗಿ ಓದಿ ತಿದ್ದುಪಡಿ ಹೇಳುತ್ತಿದ್ದ. ಜೇಬಿನಲ್ಲಿದ್ದ ಪೆನ್ ಡ್ರೈವನ್ನು ಮುಟ್ಟಿ ನೋಡಿಕೊಂಡೆ. ಅದರ ಜೊತೆಗೆ ಹಾಳೆಯ ಚೂರುಗಳು ಸಿಕ್ಕವು. ಆಗ ಒಂದು ಯೋಚನೆ ಬಂತು. ನಮ್ಮ ಮೇಷ್ಟ್ರುಗಳು ನಮಗೆ ಮಾಡುತ್ತಿದ್ದಂತೆ ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಬರೆದರೆ? ಬರೆಯುವ ತನಕ ಪತ್ರಿಕೆಯೇ ಇರುವುದಿಲ್ಲ. ಇಲ್ಲದ್ದು ಸೋರುವುದೆಲ್ಲಿಂದ?

“ಪ್ರಿಂಟೇ ಬೇಡಮ್ಮ. ನಾಳೆ ಬೋರ್ಡ್ ಮೇಲೆ ಬರೀತೀನಿ. ನೀವೊಂದು ಮಾಡಿ, ನಾಳೆ ಪರೀಕ್ಷೆ ಮುಗಿಯೋ ತನಕ ಪ್ರಾರ್ಥನೆ ಹಾಲ್ ಕಡೆ ಬರಲೇಬೇಡಿ. ಬೆಲ್ ಹೆಡ್ಮಾಸ್ಟ್ರೇ ಹೊಡೀಲಿ. ಆಗ ಯಾರೂ ಒಂದು ಮಾತೂ ಆಡೋ ಹಾಗಿರಲ್ಲ.”

“ದೂರ ಇದ್ರೆ ಅದೂ ಒಂದ್ ಮಾತಾಯ್ತದೇನೋ ಸಾ.”

“ಇಲ್ಲ ಬಿಡಿ. ನಾನು ನೋಡ್ಕೋತೀನಿ” ಎಂದೆ.

ಹೆಡ್ಮಾಸ್ಟರು ಮೊದಲು ಒಪ್ಪಲಿಲ್ಲ. ತಂದೆತಾಯಿಗಳು ಏನೆಂದುಕೊಳ್ಳುತ್ತಾರೆ, ಇದೇನು ಹಳೇ ಕಾಲದ ಕೂಲಿಮಠವೇ ಎಂದರು. ಬೇರೆ ಏನೂ ಉಳಿದಿಲ್ಲ ಎಂದು ತಿಳಿದ ಮೇಲೆ ಹೂಂ ಎಂದರು. ಬುಧವಾರ ಪ್ರಾರ್ಥನೆಯ ಹಾಲಿನಲ್ಲಿ ಎಲ್ಲರನ್ನೂ ಕೂರಿಸಿ, ಎರಡು ಬೋರ್ಡುಗಳನ್ನು ಅಕ್ಕಪಕ್ಕ ನಿಲ್ಲಿಸಿದೆವು. ಚಿಲಕ ಹಾಕಿದ ಮೇಲೆ ಬರೆಯಲು ಶುರುಮಾಡಿದೆ. ಪ್ರಿಂಟರು ಗಳಿಗೆಯಲ್ಲಿ ಕಕ್ಕುವುದನ್ನು ಕೈಯಲ್ಲಿ ಬರೆಯುವಾಗ ಗೊತ್ತಾಯಿತು ನಾನು ಎಷ್ಟು ವಾಚಾಳಿ ಎಂದು. ಬಹು ಆಯ್ಕೆಯ ಪ್ರಶ್ನೆಗಳ ಆಯ್ಕೆಗಳನ್ನು ಬರೆಯುವಷ್ಟರಲ್ಲೇ ಭುಜ ಸೋತಿತು. ವೃತ್ತವನ್ನು ದಾರ ಕಟ್ಟಿ ಎಳೆದರೆ ತತ್ತಿಯಂತೆ ಬಂತು.

“ಸಾ, ಅದು ಆರೋ ಎಂಟೋ?” ಹಿಂದಿನ ಸಾಲಿನಿಂದ ಕೊಬ್ಬರಿ ವ್ಯಾಪಾರಿಯ ಮಗ ಕೇಳಿದ.

“ಎಂಟು ಕಣಯ್ಯ.”

“ನಾನು ಆರು ಅಂತ ಮಾಡಿ ಉತ್ರ ಬಂದ್ಬುಡ್ತಲ್ಲ ಸಾ.”

“ಬಂದಿದ್ದನ್ನ ಹೊಡೆದುಹಾಕಿ ಮತ್ತೆ ಮಾಡು.”

ಒಂದು ಬೋರ್ಡು ತುಂಬಿದಾಗ ಎಲ್ಲರೂ ಬರೆದುಕೊಳ್ಳುವ ತನಕ ಕಾದು, ಒರೆಸಿ, ಮುಂದಿನದು ಬರೆದೆ. ಅರ್ಧ ಗಂಟೆ ಹೆಚ್ಚಿಗೆ ಕೊಡಬೇಕಾಯಿತು. ಕಿಟಕಿಯಿಂದ ನೋಡಿದರೆ, ಮೈದಾನದ ಆ ತುದಿಯಲ್ಲಿ, ನೀರಿನ ತೊಟ್ಟಿಯ ಹತ್ತಿರ ಅಟೆಂಡರಮ್ಮ ಒಂದೇ ಬಿಂದಿಗೆಯನ್ನು ಬಹಳ ಹೊತ್ತು ಉಜ್ಜುತ್ತಿದ್ದರು. ಪರೀಕ್ಷೆ ಮುಗಿದ ಮೇಲೆ ಹೆಡ್ಮಾಸ್ಟರು ಹುಡುಗರ ಮೊಬೈಲುಗಳಲ್ಲಿ ಹುಡುಕಿಸಿದರು, ಊರಿನಲ್ಲಿ ವಿಚಾರಿಸಿದರು. ಒಂದೇ ಒಂದು ಪ್ರಶ್ನೆಯೂ ಮೊದಲೇ ಹೊರಗೆ ಹೋಗಿರಲಿಲ್ಲ. ನಾನು ಮನೆಗೆ ಬಂದು, ಬಹಳ ದಿನಗಳ ಮೇಲೆ, ಯಾವುದನ್ನೂ ಯೋಚಿಸದೆ ಊಟ ಮಾಡಿದೆ.

ಮಾರನೆಯ ದಿನ ಮಂಡಳಿಯ ಸಭೆ. ಹೆಡ್ಮಾಸ್ಟರ ಕೋಣೆಯಲ್ಲಿ ಅಧ್ಯಕ್ಷರು, ಇಬ್ಬರು ಸದಸ್ಯರು, ಮೂಲೆಯಲ್ಲಿ ನಾನು. ಅಧ್ಯಕ್ಷರು ಖುಷಿಯಲ್ಲಿದ್ದರು.

“ಈ ಸಲ ಒಂದ್ ಅಕ್ಷರ ಆಚೆ ಹೋಗಿಲ್ಲ. ಯಾಕೆ ಹೇಳಿ?” ಎಂದು ಎಲ್ಲರ ಮುಖ ನೋಡಿದರು. “ಆಯಮ್ಮನ್ನ ಹತ್ರಕ್ಕೆ ಸೇರಿಸ್ಲಿಲ್ಲ, ಅದಕ್ಕೆ. ಬೆಲ್ಲು ಹೊಡಿಯಕ್ಕೂ ಬುಡ್ಲಿಲ್ವಂತಲ್ಲ ಮೇಷ್ಟ್ರು. ನಾನ್ ಹೋದ್ವರ್ಷನೇ ಅಂದಿದ್ದೆ. ಈಗ ಗೊತ್ತಾಯ್ತಲ್ಲ.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಎದ್ದು ನಿಂತೆ. “ಹಾಗಲ್ಲ. ಆಕೆಗೂ ಇದಕ್ಕೂ ಸಂಬಂಧ ಇಲ್ಲ. ದೂರ ಇರೋಕೆ ಹೇಳಿದ್ದು ನಾನೇ. ಬೋರ್ಡ್ ಮೇಲೆ ಬರೆದಿದ್ದು ಪ್ರಿಂಟರ್ ಕೆಟ್ಟಿದ್ದಕ್ಕೆ.”

“ಪ್ರಿಂಟರ್ ಯಾಕೆ ಕೆಟ್ತು?” ಎಂದು ಒಬ್ಬ ಸದಸ್ಯರು ಕೇಳಿದರು.

ಅದನ್ನು ಹೇಳದೆ ಮುಂದೆ ಹೋಗುವ ಹಾಗಿರಲಿಲ್ಲ. ಎಣ್ಣೆ ಎಂದೆ. ಯಾವ ಎಣ್ಣೆ ಎಂದರು. ಕೊಬ್ಬರಿ ಎಣ್ಣೆ ಎಂದೆ. ಅಲ್ಲಿಗೆ ಸಭೆ ನನ್ನ ಕೈತಪ್ಪಿತು. ಬಿಸಿಲಿಗಿಟ್ಟದ್ದು, ಮಗ್ಗುಲು ತಿರುಗಿಸಿದ್ದು, ಟವೆಲು ಹೊದೆಸಿದ್ದು, ಒಂದೊಂದನ್ನೂ ಕೇಳಿ ಕೇಳಿ ಹೇಳಿಸಿದರು. ಒಬ್ಬರು ಕಣ್ಣೊರೆಸಿಕೊಂಡರು. “ಹೋಗ್ಲಿ ಬುಡಿ ಮೇಷ್ಟ್ರೇ, ತಲೆಗಾದ್ರೂ ಹಚ್ಕಂಡಿದ್ರೆ ತಂಪಾಗ್ತಿತ್ತು” ಎಂದು ಅಧ್ಯಕ್ಷರು ನನ್ನ ಬೆನ್ನು ತಟ್ಟಿದರು. ನಗು ಇಳಿಯಲಿ, ಆಮೇಲೆ ಮತ್ತೆ ಆ ಮಾತು ಎತ್ತೋಣ ಎಂದು ಕಾದೆ. ನಗು ಇಳಿಯುವ ಹೊತ್ತಿಗೆ ಕಾಫಿ ಬಂತು. ಕಾಫಿಯಾದ ಮೇಲೆ ಎರಡು ವಿಷಯ ನಿರ್ಧಾರವಾದವು. ಉಳಿದ ಪರೀಕ್ಷೆಗಳೂ ಬೋರ್ಡಿನ ಮೇಲೆಯೇ. ಅಟೆಂಡರಮ್ಮನನ್ನು ಬಿಡಿಸುವುದು ಬೇಡ, ಪಾಪ. ಆದರೆ ಆಫೀಸಿನ ಬೀಗದ ಕೈ ವಾಪಸು ತೆಗೆದುಕೊಳ್ಳುವುದು, ಇನ್ನು ಮೇಲೆ ಗುಡಿಸಿ ಒರೆಸುವುದಷ್ಟೇ ಆಕೆಯ ಕೆಲಸ. “ಮುಂದಿನ್ ವರ್ಷ ನೋಡಣ” ಎಂದರು ಅಧ್ಯಕ್ಷರು.

ಬೀಗದ ಕೈ ಇಸಿದುಕೊಂಡು ಬರಲು ನನಗೇ ಹೇಳಿದರು. ನಾನು ಹೋದಾಗ ಅವರು ಅದನ್ನು ದಾರದಿಂದ ಬಿಚ್ಚಿ ಆಗಲೇ ಕೈಯಲ್ಲಿ ಹಿಡಿದಿದ್ದರು. ನಾನು ಏನೋ ಹೇಳಲು ಬಾಯಿ ತೆರೆದೆ.

“ಇರ್ಲಿ ಬುಡಿ ಸಾ” ಎಂದರು. “ನಗ್ತಿದ್ರಲ್ಲ, ಏನ್ ವಿಷ್ಯ?”

“ಏನಿಲ್ಲ, ನನ್ನ ಪ್ರಿಂಟರಿನ ವಿಷಯ.”

“ಓ” ಎಂದು ಬೀಗದ ಕೈಯನ್ನು ನನ್ನ ಅಂಗೈಗೆ ಹಾಕಿದರು.

ಶುಕ್ರವಾರ ವಿಜ್ಞಾನದ ಪ್ರಶ್ನೆಗಳನ್ನೂ ನಾನೇ ಬೋರ್ಡಿನ ಮೇಲೆ ಬರೆದೆ. ವಿಜ್ಞಾನದ ಮೇಷ್ಟ್ರಿಗೆ ಸೀಮೆಸುಣ್ಣದ ಧೂಳು ಆಗುವುದಿಲ್ಲ. ಮುಗಿದು ಮಕ್ಕಳೆಲ್ಲ ಹೋದ ಮೇಲೆ ಅಟೆಂಡರಮ್ಮ ಒದ್ದೆ ಬಟ್ಟೆ ಹಿಡಿದು ಹಾಲಿನ ಬಾಗಿಲಿಗೆ ಬಂದರು. ಬೋರ್ಡಿನ ಮೇಲೆ ಕೊನೆಯ ಪ್ರಶ್ನೆಗಳು ಹಾಗೇ ಇದ್ದವು. ಅವರು ಹೊಸ್ತಿಲ ಆಚೆಯೇ, ಬೋರ್ಡಿನ ಕಡೆ ನೋಡದೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡು ನಿಂತರು.

“ಮುಗೀತಮ್ಮ, ಬನ್ನಿ” ಎಂದೆ. “ಈಗ ಯಾರು ನೋಡಿದ್ರೂ ಏನಿಲ್ಲ.”

“ನೀವೇ ಒರೆಸ್ಬುಡಿ ಸಾ” ಎಂದು ಬಟ್ಟೆಯನ್ನು ಹೊಸ್ತಿಲ ಮೇಲಿಂದ ಒಳಕ್ಕೆ ಚಾಚಿದರು. “ಆಮೇಲೆ ಬಂದು ಕಸ ಗುಡಿಸ್ತೀನಿ.”